‘ಮೊಟಕುಗೊಂಡಿತು’ ಅಂದರೆ ಯಾರು ಮಾಡಿದ್ದು?

ಪ್ರಿಯ ಮಿತ್ರರೇ,

ನಿಮ್ಮ ‘ಹುಟ್ಟಿದ ಮನೆ, ಹತ್ತುವ ಏಣಿ’ ಲೇಖನ ನನ್ನ ಮೇಜಿಗೆ ಬಂದು ಮೂರು ವಾರ ಆಯಿತು. ಮೊದಲ ಸಲ ಓದಿದಾಗ ಸಿಟ್ಟು ಬಂತು, ಎತ್ತಿಟ್ಟೆ. ಮೊನ್ನೆ ಸಂಜೆ ಆಷಾಢದ ಮಳೆ ಹಿಡಿದುಕೊಂಡಿತ್ತು, ಕರೆಂಟು ಹೋಗಿತ್ತು. ಮೇಣದಬತ್ತಿ ಹಚ್ಚಿಕೊಂಡು ಇನ್ನೊಮ್ಮೆ ಓದಿದೆ. ಸಿಟ್ಟು ನಿಮ್ಮ ಮೇಲಷ್ಟೇ ಅಲ್ಲ ಅಂತ ಆಗ ಗೊತ್ತಾಯಿತು. ಆ ಕತೆ ಆಮೇಲೆ.

ಫೋನಿನಲ್ಲಿ ನೀವು ಒಪ್ಪಿದ್ದರಿಂದ, ಹೆಸರು ಬಿಟ್ಟು, ಈ ಉತ್ತರವನ್ನು ಪತ್ರಿಕೆಯಲ್ಲೇ ಹಾಕುತ್ತಿದ್ದೇನೆ. ಓದುಗರಿಗೆ ಎರಡು ಮಾತು. ಇವರು ಹೊಸನಗರ ತಾಲೂಕಿನ ಹಳ್ಳಿಯವರು, ಈಗ ಬೆಂಗಳೂರಿನಲ್ಲಿ ಕೆಲಸ. ಮಕ್ಕಳು ಮುಂದೆ ಎಷ್ಟು ದುಡಿಯುತ್ತಾರೆ ಎನ್ನುವುದು ಹುಟ್ಟಿದ ಮನೆಯ ಮೇಲೆ ಎಷ್ಟು ನಿಂತಿದೆ, ಒಂದೊಂದು ದೇಶದಲ್ಲಿ ಅದು ಹೇಗೆ ಬೇರೆ ಬೇರೆ ಎನ್ನುವುದು ಲೇಖನದ ವಿಷಯ. ಒಟ್ಟು ಹನ್ನೊಂದು ಪುಟ. ಒಂಬತ್ತು ಪುಟ ಡೆನ್ಮಾರ್ಕ್, ಅಮೆರಿಕ, ಬ್ರೆಜಿಲ್. ಕೊನೆಯ ಎರಡು ಪುಟ ಸ್ವಂತ ಮನೆ.

ಒಳ್ಳೆಯದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಭಾಷೆ ಚೊಕ್ಕವಾಗಿದೆ. ಕಾಗುಣಿತದ ತಪ್ಪು ಒಂದೂ ಇಲ್ಲ, ಈಗಿನ ಕಾಲಕ್ಕೆ ಅದೇ ದೊಡ್ಡದು. ಅಮೆರಿಕದಲ್ಲಿ 1940ರಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 90 ಮಂದಿ ಹೆತ್ತವರಿಗಿಂತ ಜಾಸ್ತಿ ದುಡಿದರು, 1980ರ ದಶಕದಲ್ಲಿ ಹುಟ್ಟಿದವರಲ್ಲಿ ಅದು 50ರ ಆಸುಪಾಸಿಗೆ ಇಳಿಯಿತು ಎನ್ನುವ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ತಂಡದ ಲೆಕ್ಕವನ್ನು ಗೊಂದಲವಿಲ್ಲದೆ ಹೇಳಿದ್ದೀರಿ. ಸರಿ, ಹೊಗಳಿಕೆ ಇಷ್ಟೇ.

ಎರಡನೇ ಪುಟಕ್ಕೆ ಬನ್ನಿ. ‘ಭಾರತದಲ್ಲಿ ಬಡವನೊಬ್ಬ ಶ್ರೀಮಂತನಾಗಲು ಏಳು ತಲೆಮಾರು ಬೇಕು.’ ಓದಲು ಗತ್ತಾಗಿದೆ, ಆದರೆ ತಪ್ಪು. ಒಇಸಿಡಿ ಅಂದರೆ ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಆರ್ಥಿಕ ಸಂಘಟನೆ, ಅದರ 2018ರ ವರದಿಯಲ್ಲಿ ಭಾರತಕ್ಕೆ ಏಳು ತಲೆಮಾರು ಅಂತ ಇರುವುದು ನಿಜ. ಡೆನ್ಮಾರ್ಕಿಗೆ ಎರಡು, ಬ್ರೆಜಿಲ್‌ಗೆ ಒಂಬತ್ತು, ಕೊಲಂಬಿಯಾಕ್ಕೆ ಹನ್ನೊಂದು. ಆದರೆ ಅದು ಶ್ರೀಮಂತನಾಗುವ ಲೆಕ್ಕ ಅಲ್ಲ. ತೀರಾ ಕೆಳಗಿನ ಹತ್ತನೇ ಒಂದು ಪಾಲು ಮನೆಗಳಲ್ಲಿ ಹುಟ್ಟಿದವನ ವಂಶ ದೇಶದ ಸರಾಸರಿ ಆದಾಯ ಮುಟ್ಟುವ ಲೆಕ್ಕ. ಬಂಗಲೆ, ಕಾರು ಅಲ್ಲ ಮಾರಾಯ್ರೇ, ಸರಾಸರಿ! ನೀವು ಒಂದು ಪದ ಬದಲಾಯಿಸಿದಿರಿ, ಸಂಗತಿಯ ಭಯಾನಕತೆಯೇ ಹೋಯಿತು. ಇದು ಭವಿಷ್ಯವಾಣಿಯೂ ಅಲ್ಲ. ಇವತ್ತು ಅಪ್ಪನಿಂದ ಮಗನಿಗೆ ಎಷ್ಟು ದಾಟುತ್ತಿದೆಯೋ ಮುಂದೆಯೂ ಅಷ್ಟೇ ದಾಟುತ್ತಾ ಹೋದರೆ ಎಷ್ಟು ತಲೆಮಾರು ಬೇಕು ಅಂತ ಹಾಕಿದ ಗುಣಾಕಾರ. ಏಳು ತಲೆಮಾರು ಹಿಂದಕ್ಕೆ ಎಣಿಸಿದರೆ ನಿಮ್ಮದೇ ತಾಲೂಕಿನ ನಗರದಲ್ಲಿ ರೈತರು ದಂಗೆ ಎದ್ದ 1830ರ ಹತ್ತಿರ ಹೋಗಿ ನಿಲ್ಲುತ್ತೀರಿ. ಇದನ್ನು ಬರೆದಿದ್ದರೆ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಿದ್ದೆ.

ಮೂರನೇ ಪುಟದಲ್ಲಿ ‘ಅಂತರಪೀಳಿಗೆ ಆದಾಯ ಸ್ಥಿತಿಸ್ಥಾಪಕತ್ವ’ ಅಂತ ಒಂದು ಪದ ಇದೆ. ಊಟ ಆದ ಮೇಲೆ ಒಮ್ಮೆ ಜೋರಾಗಿ ಹೇಳಿ ನೋಡಿ. ಅಪ್ಪನ ಹೆಚ್ಚುಗಾರಿಕೆಯಲ್ಲಿ ಮಗನಿಗೆ ಎಷ್ಟು ದಾಟಿತು, ಇಷ್ಟೇ ತಾನೆ ವಿಷಯ? ಮೈಲ್ಸ್ ಕೊರಾಕ್ ಎಂಬ ಕೆನಡಾದ ಅರ್ಥಶಾಸ್ತ್ರಜ್ಞರು 2013ರಲ್ಲಿ ಕೊಟ್ಟ ಪಟ್ಟಿಯಲ್ಲಿ ಡೆನ್ಮಾರ್ಕಿಗೆ 0.15, ಅಮೆರಿಕಕ್ಕೆ 0.47. ಅಪ್ಪ ಸರಾಸರಿಗಿಂತ ನೂರಕ್ಕೆ ಇಪ್ಪತ್ತು ಜಾಸ್ತಿ ದುಡಿಯುತ್ತಿದ್ದರೆ, ಡೆನ್ಮಾರ್ಕಿನಲ್ಲಿ ಮಗನ ಕೈಗೆ ಆ ಹೆಚ್ಚುಗಾರಿಕೆಯಲ್ಲಿ ಮೂರು ಉಳಿಯುತ್ತದೆ. ಅಮೆರಿಕದಲ್ಲಿ ಒಂಬತ್ತು ಚಿಲ್ಲರೆ. ಬಡ ಅಪ್ಪನ ಕೊರತೆಯೂ ಹೀಗೇ ದಾಟುತ್ತದೆ. ಇಷ್ಟು ಹೇಳಿದರೆ ಸಂತೆಗೆ ಬಂದವರಿಗೂ ಅರ್ಥವಾಗುತ್ತದೆ.

‘ಡೆನ್ಮಾರ್ಕಿನಲ್ಲಿ ಹುಟ್ಟು ಲೆಕ್ಕಕ್ಕೇ ಇಲ್ಲ’ ಅಂತಲೂ ಬರೆದಿದ್ದೀರಿ. ಇದನ್ನು ತೆಗೆದುಬಿಡಿ. ಲಾಂಡರ್ಸೋ ಮತ್ತು ಹೆಕ್‌ಮನ್ ಎಂಬಿಬ್ಬರು ಅರ್ಥಶಾಸ್ತ್ರಜ್ಞರು ಅಳೆದು ನೋಡಿದಾಗ, ಓದಿನ ಮಟ್ಟಿಗೆ ಡೆನ್ಮಾರ್ಕಿನ ಮಕ್ಕಳೂ ಅಮೆರಿಕದ ಮಕ್ಕಳ ಹಾಗೆಯೇ ಮನೆಗೆ ಕಟ್ಟಿಬಿದ್ದಿದ್ದಾರೆ ಅಂತ ಕಂಡಿತು. ಅಲ್ಲಿ ದೊಡ್ಡ ಸಂಬಳ ಸಣ್ಣ ಸಂಬಳದ ನಡುವೆ ಅಂತರ ಕಡಿಮೆ, ತೆರಿಗೆ ಮತ್ತು ಸರ್ಕಾರದ ನೆರವು ಉಳಿದದ್ದನ್ನು ಸಮ ಮಾಡುತ್ತದೆ. ಓದದ ಮನೆಯ ಮಗ ಅಲ್ಲೂ ಕಡಿಮೆಯೇ ಓದುತ್ತಾನೆ, ಆದರೆ ಅದಕ್ಕೆ ಜೀವನಪೂರ್ತಿ ದಂಡ ಕಟ್ಟುವುದಿಲ್ಲ.

ಇದೆಲ್ಲ ತಿದ್ದಬಹುದಾದ ತಪ್ಪು. ನನಗೆ ಸಿಟ್ಟು ಬಂದದ್ದು ಹತ್ತನೇ ಪುಟದಲ್ಲಿ. ಮೂರು ವಾಕ್ಯಗಳು ಒಂದರ ಹಿಂದೆ ಒಂದು ಇವೆ. ಹಾಗೇ ಬರೆಯುತ್ತೇನೆ:

‘ಅಪ್ಪ ಕೂಲಿನಾಲಿ ಮಾಡಿ ನನ್ನನ್ನು ಓದಿಸಿದರು. ಮನೆಯ ಪರಿಸ್ಥಿತಿಯಿಂದಾಗಿ ಅಕ್ಕನ ವಿದ್ಯಾಭ್ಯಾಸ ಎಸ್ಸೆಸ್ಸೆಲ್ಸಿಗೇ ಮೊಟಕುಗೊಂಡಿತು. ಶಿವಮೊಗ್ಗದಲ್ಲಿ ನನ್ನ ಕಾಲೇಜಿನ ಮೊದಲ ವರ್ಷದ ಫೀಸು ಹೇಗೋ ಹೊಂದಿತು.’

ಆಮೇಲೆ ಪ್ಯಾರಾ ಬದಲಾಗುತ್ತದೆ, ನೀವು ಮತ್ತೆ ಕೋಪನ್‌ಹೇಗನ್‌ಗೆ ಹೋಗುತ್ತೀರಿ.

ಮೊದಲ ವಾಕ್ಯದಲ್ಲಿ ಅಪ್ಪ ಇದ್ದಾರೆ. ‘ಓದಿಸಿದರು.’ ಮಾಡಿದವರು ಯಾರು, ಯಾರಿಗೆ ಮಾಡಿದರು, ಎಲ್ಲ ಸ್ಪಷ್ಟ. ಎರಡನೇ ವಾಕ್ಯಕ್ಕೆ ಬಂದ ಕೂಡಲೇ ಮನೆಯಲ್ಲಿ ಮನುಷ್ಯರೇ ಇಲ್ಲ! ‘ಪರಿಸ್ಥಿತಿ’ ಅಂತ ಒಂದು ಬಂದು ಅಕ್ಕನ ಓದನ್ನು ಕಡಿದು ಹೋಗಿದೆ. ಅದೇ ಮನೆ, ಅದೇ ಅಪ್ಪ, ಅದೇ ಕೂಲಿ. ನಿಮ್ಮ ವಿಷಯಕ್ಕೆ ‘ಓದಿಸಿದರು’ ಆದದ್ದು ಅಕ್ಕನ ವಿಷಯಕ್ಕೆ ಯಾಕೆ ‘ಬಿಡಿಸಿದರು’ ಆಗಲಿಲ್ಲ? ‘ಬಿಟ್ಟಳು’ ಅಂತಾದರೂ ಬರೆಯಬಹುದಿತ್ತು. ಬಿಟ್ಟಳು ಬೇರೆ, ಬಿಡಿಸಿದರು ಬೇರೆ. ಕನ್ನಡ ನಿಮ್ಮ ಕೈಗೆ ‘ಇಸು’ ಅಂತ ಒಂದು ಪುಟ್ಟ ಪ್ರತ್ಯಯ ಕೊಟ್ಟಿದೆ. ಯಾರು ಮಾಡಿಸಿದ್ದು ಅಂತ ಬೆರಳಿಟ್ಟು ತೋರಿಸುವ ಪ್ರತ್ಯಯ. ನಿಮಗೆ ಒಳ್ಳೆಯದಾದಲ್ಲಿ ಅದನ್ನು ಬಳಸಿದ್ದೀರಿ, ಅಕ್ಕನ ಹತ್ತಿರ ಬಂದಾಗ ಜೇಬಿಗೆ ಹಾಕಿಕೊಂಡಿದ್ದೀರಿ.

ಇನ್ನು ‘ವಿದ್ಯಾಭ್ಯಾಸ’. ನಿಮ್ಮ ಅಮ್ಮ ಯಾವತ್ತಾದರೂ ಈ ಪದ ಹೇಳಿದ್ದಾರಾ? ‘ಮೊಟಕುಗೊಂಡಿತು’ ಅಂತೂ ಮಳೆಯಿಂದ ಕಾರ್ಯಕ್ರಮ ನಿಂತಾಗ ಪೇಪರಿನವರು ಬರೆಯುವ ಮಾತು. ಹುಡುಗಿಯೊಬ್ಬಳು ಪುಸ್ತಕದ ಚೀಲವನ್ನು ಅಟ್ಟದ ಮೇಲೆ ಇಟ್ಟ ದಿನಕ್ಕೆ ಆ ಪದ ಹಾಕಬಾರದು. ಚೀಲ ಅಟ್ಟಕ್ಕೆ ಹೋಯಿತು ಅಂತ ನಾನು ಊಹೆ ಮಾಡುತ್ತಿದ್ದೇನೆ. ಊಹೆ ಮಾಡುವಂತೆ ಮಾಡಿದವರು ನೀವು.

ಮೂರನೇ ವಾಕ್ಯ. ‘ಹೇಗೋ ಹೊಂದಿತು.’ ಫೀಸು ತಾನಾಗಿ ಹೊಂದುವುದಿಲ್ಲ. ಯಾರೋ ಹೊಂದಿಸಬೇಕು. ಇಲ್ಲೂ ಅದೇ ‘ಇಸು’ ಮಾಯ. ಅದರ ಮುಂದೆ ‘ಹೇಗೋ’ ಅಂತ ಬೇರೆ ಪರದೆ ಎಳೆದಿದ್ದೀರಿ. ಎಂಟನೇ ಪುಟದಲ್ಲಿ, ಬೇರೆ ಯಾವುದೋ ಮಾತಿಗೆ, ‘ಅಡಿಕೆ ಸುಗ್ಗಿಯಲ್ಲಿ ಅಕ್ಕ ರಾತ್ರಿ ಹನ್ನೊಂದರ ತನಕ ಸುಲಿಯಲು ಹೋಗುತ್ತಿದ್ದಳು’ ಅಂತ ಹೇಳಿಬಿಟ್ಟಿದ್ದೀರಿ. ಮೆಟ್ಟುಗತ್ತಿಯ ಮುಂದೆ ಕೂತು ಸುಲಿದ ದುಡ್ಡು ಎಲ್ಲಿಗೆ ಹೋಯಿತು? ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿರಲಿಕ್ಕಿಲ್ಲ, ಕೇಳಿರಲಿಕ್ಕಿಲ್ಲ. ಕೇಳದೆ ಬರೆಯಬಾರದು, ಅಷ್ಟೇ.

ಇದು ಬರೀ ಶೈಲಿಯ ಮಾತು ಅಂದುಕೊಳ್ಳಬೇಡಿ, ನಿಮ್ಮ ವಿಷಯದ ಹೊಟ್ಟೆಯೊಳಗೇ ಇದೆ. ಆ ಏಳು ತಲೆಮಾರಿನ ಲೆಕ್ಕ ಹಾಕಿದ್ದು ಯಾರಿಂದ ಯಾರಿಗೆ? ಅಪ್ಪನಿಂದ ಮಗನಿಗೆ. ಇಂಥ ಅಧ್ಯಯನಗಳಲ್ಲಿ ಬಹಳ ಕಾಲ ಅಪ್ಪ-ಮಗನ ಜೋಡಿಯನ್ನೇ ಎಣಿಸಿದ್ದಾರೆ, ಹೆಂಗಸರ ಗಳಿಕೆ ಒಂದು ವರ್ಷ ಇರುತ್ತದೆ, ಇನ್ನೊಂದು ವರ್ಷ ಇರುವುದಿಲ್ಲ ಅಂತ. ನಮ್ಮ ದೇಶದಲ್ಲಿ ಅಪ್ಪ-ಮಕ್ಕಳ ಆದಾಯದ ದಾಖಲೆ ಸಿಗುವುದೇ ಕಷ್ಟ, ಹಾಗಾಗಿ ಓದಿದ ವರ್ಷ ಎಣಿಸುತ್ತಾರೆ. ಆಶರ್, ನೊವೊಸಾದ್, ರಾಫ್‌ಕಿನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಹಾಗೆ ಎಣಿಸಿ, ಪರಿಶಿಷ್ಟ ಜಾತಿಯವರ ಮಕ್ಕಳು ಮೊದಲಿಗಿಂತ ಮೇಲೆ ಬರುತ್ತಿದ್ದಾರೆ, ಮುಸ್ಲಿಮರ ಮಕ್ಕಳು ಹಿಂದೆ ಬೀಳುತ್ತಿದ್ದಾರೆ ಅಂತ ತೋರಿಸಿದರು. ಆದರೆ ಅಲ್ಲೂ ಹೆಣ್ಣುಮಕ್ಕಳ ವಿಷಯಕ್ಕೆ ತೊಡಕು. ಸಮೀಕ್ಷೆಯವರು ಮನೆ ಬಾಗಿಲಿಗೆ ಬಂದಾಗ ಮಗ ಅಪ್ಪನ ಜೊತೆ ಒಂದೇ ಪಟ್ಟಿಯಲ್ಲಿ ಸಿಗುತ್ತಾನೆ. ಮಗಳು ಮದುವೆಯಾಗಿ ಹೋಗಿರುತ್ತಾಳೆ. ಅವಳಪ್ಪ ಎಷ್ಟು ಓದಿದ್ದ ಅಂತ ಗಂಡನ ಮನೆಯಲ್ಲಿ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಹೀಗೆ ಅವಳು ಎರಡೂ ಮನೆಯ ಲೆಕ್ಕದಿಂದ ಜಾರಿ ಹೋಗುತ್ತಾಳೆ. ಅರ್ಥಶಾಸ್ತ್ರಜ್ಞರಿಗೆ ನಿಮ್ಮ ಅಕ್ಕ ಸಿಗಲಿಲ್ಲ. ನಿಮಗೆ ಸಿಕ್ಕಿದ್ದರು. ನೀವೂ ಬಿಟ್ಟಿರಿ.

ಈಗ ನನ್ನ ಕತೆ.

1979ರಲ್ಲಿ ನಾನು ಶಿವಮೊಗ್ಗದ ಒಂದು ವಾರಪತ್ರಿಕೆಗೆ ಸೇರಿದೆ. ಹೆಸರಿಗೆ ಉಪಸಂಪಾದಕ, ಕೆಲಸ ಗ್ಯಾಲಿ ಪ್ರೂಫ್ ತಿದ್ದುವುದು, ಟೀ ತರುವುದು. ಆಗ ಮೊಳೆ ಜೋಡಿಸಿ ಅಚ್ಚು ಮಾಡುತ್ತಿದ್ದ ಕಾಲ, ಬೆರಳ ತುದಿ ಯಾವಾಗಲೂ ಕರ್ರಗೆ. ಒಂದು ವರ್ಷ ಕಾದು ನನ್ನ ಮೊದಲ ಲೇಖನ ಬರೆದೆ. ನಮ್ಮದು ಸಾಗರದ ಕಡೆಯ ಗೇಣಿದಾರರ ಮನೆ. ಕಾಗೋಡು ನಮ್ಮೂರಿಗೆ ದೂರವಲ್ಲ. 1951ರಲ್ಲಿ ಭತ್ತ ಅಳೆಯುವ ಕೊಳಗದ ಗಾತ್ರಕ್ಕೆ ಶುರುವಾದ ಜಗಳ, ಸಮಾಜವಾದಿ ನಾಯಕ ಲೋಹಿಯಾ ಬಂದದ್ದು, ಗೇಣಿದಾರರಿಗೆ ಉತ್ತ ಭೂಮಿ ಕೊಡಿಸಿದ ದೇವರಾಜ ಅರಸರ 1974ರ ಕಾನೂನು, ಎಲ್ಲ ತುಂಬಿಸಿ ಆರು ಕಾಲಂ ಎಳೆದಿದ್ದೆ. ಕೊನೆಯಲ್ಲಿ ಒಂದೇ ಸಾಲು: ‘ಹೀಗೆ ನಮಗೂ ಮೂರು ಎಕರೆ ಗದ್ದೆ ದೊರೆಯಿತು.’

ನಮ್ಮ ಸಂಪಾದಕರು ಅಷ್ಟನ್ನೂ ಓದಿದರು. ಎಲೆಯಡಿಕೆ ಒಂದು ಕೆನ್ನೆಗೆ ಸರಿಸಿದರು. ‘ದೊರೆಯಿತು ಅಂದ್ರೆ ಏನೋ? ಗದ್ದೆ ಏನು ದಾರೀಲಿ ಬಿದ್ದಿತ್ತಾ?’

ನಾನು ಸುಮ್ನೆ ನಿಂತೆ.

‘ಯಾರ ಗದ್ದೆ? ಅರ್ಜಿ ಬರೆದವರು ಯಾರು? ಅದನ್ನು ಬರಿ. ಲೋಹಿಯಾ ವಿಷಯ ನಂಗೊತ್ತು.’

ಮೂರು ದಿನ ಅವರ ಜೊತೆ ಮಾತಾಡಲಿಲ್ಲ. ಟೀ ಮಾತ್ರ ತಂದಿಡುತ್ತಿದ್ದೆ. ಆಮೇಲೆ ಕೂತು ಬರೆದೆ. ಅಪ್ಪನಿಗೆ ಸಹಿ ಬರುತ್ತಿರಲಿಲ್ಲ. ಗೇಣಿ ಗದ್ದೆ ನಮ್ಮ ಹೆಸರಿಗೆ ಮಾಡಿಕೊಡಿ ಅಂತ ಹಾಕುವ ಏಳನೇ ನಂಬರ್ ಫಾರಂ ತುಂಬಿಕೊಟ್ಟದ್ದು ಶಾಲೆಯ ಮೇಷ್ಟ್ರು. ಗದ್ದೆ ಇದ್ದದ್ದು ಗಂಡ ತೀರಿಹೋದ ಒಬ್ಬ ಹೆಂಗಸಿನ ಹೆಸರಲ್ಲಿ, ನಾವು ಅಳೆಯುವ ಗೇಣಿ ಭತ್ತವೇ ಅವರ ಊಟ. ಭೂನ್ಯಾಯ ಮಂಡಳಿಯ ಮುಂದೆ ಅವರೂ ಬಂದು ನಿಂತರು. ಅಪ್ಪನ ಕಡೆ ನೋಡಲಿಲ್ಲ. ತೀರ್ಪು ನಮ್ಮ ಕಡೆ ಆದ ಮೇಲೂ ಅಮ್ಮ ದಿನಾ ಬೆಳಿಗ್ಗೆ ಅವರ ಮನೆಗೆ ಒಂದು ತಂಬಿಗೆ ಹಾಲು ಕಳಿಸುತ್ತಿದ್ದಳು. ಅವರು ಒಂದೂ ಮಾತಾಡದೆ ತಂಬಿಗೆ ತೊಳೆದು ವಾಪಸ್ ಕೊಡುತ್ತಿದ್ದರು. ತಂಬಿಗೆ ತೆಗೆದುಕೊಂಡು ಹೋಗುತ್ತಿದ್ದವನು ನಾನು. ನನ್ನ ಡಿಗ್ರಿ ಓದು ನಡೆದದ್ದು ಆ ಗದ್ದೆಯ ಭತ್ತ ಮಾರಿ.

ಆ ಕಾನೂನು ಸರಿ ಅಂತ ನಾನು ಆಗಲೂ ನಂಬಿದ್ದೆ, ಈಗಲೂ ನಂಬಿದ್ದೇನೆ. ತಲೆಮಾರುಗಟ್ಟಲೆ ಉತ್ತವರಿಗೆ ಗದ್ದೆ ಬಂದದ್ದು ನ್ಯಾಯವೇ. ಆದರೆ ಹಾಗೆ ನಂಬಿದ್ದಕ್ಕೇ ಆ ಹೆಂಗಸನ್ನು ಬಿಟ್ಟು ಬರೆದಿದ್ದೆ. ‘ದೊರೆಯಿತು’ ಅನ್ನುವ ಪದದ ಹಿಂದೆ ಅವರನ್ನು ನಿಲ್ಲಿಸಿದ್ದೆ. ಎರಡನೇ ಸಲ ಕೊಟ್ಟಾಗ ಸಂಪಾದಕರು ಹೊಗಳಲಿಲ್ಲ. ಒಂದು ಒತ್ತಕ್ಷರ ತಿದ್ದಿ ಕಂಪೋಸಿಂಗಿಗೆ ಕಳಿಸಿದರು.

ನಿಮ್ಮ ‘ಮೊಟಕುಗೊಂಡಿತು’ ಓದಿದಾಗ ನನಗೆ ಆ ತಂಬಿಗೆ ನೆನಪಾಯಿತು. ಅದಕ್ಕೇ ಇಷ್ಟುದ್ದ ಬರೆದೆ.

ಅಪ್ಪನ ಮೇಲೆ ದೂರು ಬರೆಯಿರಿ ಅಂತ ನಾನು ಹೇಳುತ್ತಿಲ್ಲ. ಇಬ್ಬರಲ್ಲಿ ಒಬ್ಬರನ್ನು ಮಾತ್ರ ಶಿವಮೊಗ್ಗದ ಬಸ್ಸು ಹತ್ತಿಸುವಷ್ಟು ದುಡ್ಡಿದ್ದಾಗ ಆ ಮನುಷ್ಯ ರಾತ್ರಿ ನಿದ್ದೆ ಮಾಡಿದರೋ ಇಲ್ಲವೋ, ಅದನ್ನೂ ಕೇಳಬೇಕು. ಬಹುಶಃ ಅಕ್ಕನೇ ‘ನಂಗೆ ಓದು ಬ್ಯಾಡ’ ಅಂದಿರಬಹುದು. ಹಾಗೆ ಅನ್ನಲು ಅವರಿಗೆ ಯಾರು ಕಲಿಸಿದ್ದು ಅಂತಲೂ ಇದೆ. ಗೌರಿ ಹಬ್ಬಕ್ಕೆ ಅಕ್ಕ ತವರಿಗೆ ಬರುತ್ತಾರಲ್ವಾ, ನೀವೂ ರಜೆ ಹಾಕಿ ಹೋಗಿ. ಪೆನ್ನು-ಕಾಗದ ತೆಗೆಯಬೇಡಿ. ಯಾವ ವರ್ಷ, ಎಷ್ಟು ಮಾರ್ಕ್ಸು ಬಂದಿತ್ತು, ಸುಲಿದರೆ ದಿನಕ್ಕೆ ಎಷ್ಟು ಸಿಗುತ್ತಿತ್ತು, ಅವರ ಮಗಳು ಈಗ ಎಷ್ಟನೇ ಕ್ಲಾಸು, ಇಷ್ಟು ಕೇಳಿಕೊಂಡು ಬನ್ನಿ. ಬರೆದ ಮೇಲೆ ಅಚ್ಚಿಗೆ ಕೊಡುವ ಮುಂಚೆ ಅವರಿಗೆ ಓದಿ ಹೇಳಿ. ಬೇಡ ಅಂದರೆ ನನಗೆ ಕಳಿಸಲೇಬೇಡಿ.

ಕಳಿಸುವುದಾದರೆ ದಸರಾ ಮುಗಿದ ಮೇಲಾದರೂ ಸಾಕು. ಡೆನ್ಮಾರ್ಕ್ ಒಂದು ಪುಟಕ್ಕಿಂತ ಜಾಸ್ತಿ ಬೇಡ. ಒಟ್ಟು 1800 ಪದ ದಾಟದಿರಲಿ. ಮತ್ತೆ, ದಯವಿಟ್ಟು ‘ನುಡಿ’ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಬೇಡಿ, ಯೂನಿಕೋಡ್‌ನಲ್ಲಿ ಕಳಿಸಿ. ಕಳೆದ ಸಲ ನಮ್ಮ ಕಂಪ್ಯೂಟರಿನಲ್ಲಿ ನಿಮ್ಮ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ‘ಅಕ್ಕ’ ಇದ್ದಲ್ಲೆಲ್ಲ ಬರೀ ‘ಅಕ’ ಬಂದಿತ್ತು.

ನಿಮ್ಮ,
ಸಂಪಾದಕ