ಎದೆ ಎಕ್ಸ್‌ರೇ ಸರಿಯಿದ್ದರೂ ಕಣ್ಣಿಗೆ ಟಿಬಿ ಬರುತ್ತಾ?

ಅಮ್ಮನಿಗೆ ಕೆಮ್ಮಿಲ್ಲ, ಎದೆ ಎಕ್ಸ್‌ರೇನೂ ಸರಿಯಿದೆ, ಆದರೂ ಕಣ್ಣಿನ ಡಾಕ್ಟರು ಟಿಬಿ ಮಾತ್ರೆ ಬರೆದಿದ್ದಾರೆ, ನಂಬೋದು ಹೇಗೆ ಅಂತ ಕೇಳಿದ್ದೀರಿ. ನಿಮ್ಮ ಆತಂಕ ಅರ್ಥವಾಗುತ್ತದೆ. ಆದರೆ ಕಣ್ಣಿನ ಟಿಬಿ ಇರುವ ಎಷ್ಟೋ ಜನರ ಶ್ವಾಸಕೋಶದಲ್ಲಿ ಏನೂ ಕಾಣುವುದಿಲ್ಲ.

ಕಷ್ಟ ಇರುವುದು ಖಚಿತ ಮಾಡಿಕೊಳ್ಳುವುದರಲ್ಲಿ. ಕಫ ಕೊಟ್ಟಷ್ಟು ಸುಲಭವಾಗಿ ಕಣ್ಣಿಂದ ಸ್ಯಾಂಪಲ್ ಸಿಗಲ್ಲ. ಸೂಜಿಯಲ್ಲಿ ತೆಗೆದರೂ ಕೆಲವೇ ಹನಿ, ಅದರಲ್ಲಿ ರೋಗಾಣು ಸಿಗದೇ ಹೋಗಬಹುದು. ಚರ್ಮಕ್ಕೆ ಚುಚ್ಚಿ ಟಿಬಿ ಸೋಂಕು ನೋಡುವ ಮಾಂಟೂ ಟೆಸ್ಟ್ ನಮ್ಮ ದೇಶದಲ್ಲಿ ಆರೋಗ್ಯವಾಗಿರುವ ಎಷ್ಟೋ ಜನರಿಗೂ ಪಾಸಿಟಿವ್ ಬರುತ್ತದೆ. ಹಾಗಾಗಿ ಕಣ್ಣೊಳಗಿನ ಗುರುತುಗಳನ್ನು ನೋಡಿ, ಬೇರೆ ಕಾಯಿಲೆ ಅಲ್ಲ ಅಂತ ಖಾತ್ರಿ ಮಾಡಿಕೊಂಡೇ ತೀರ್ಮಾನಕ್ಕೆ ಬರಬೇಕು. ಕಣ್ಣಿನಲ್ಲಿ ಟಿಬಿಯಂತೆಯೇ ಕಾಣಬಹುದಾದ ಸಿಫಿಲಿಸ್, ಸಾರ್ಕಾಯ್ಡೋಸಿಸ್ ಕಾಯಿಲೆಗಳ ಪರೀಕ್ಷೆ ಆಗಿದೆಯಾ, ಎದೆಯ ಸಿಟಿ ಸ್ಕ್ಯಾನ್ ಬೇಕಾ, ಇಷ್ಟು ಕೇಳಿ.

ಮಾತ್ರೆಗಳಲ್ಲಿ ಎಥಾಂಬುಟಾಲ್ ಇದ್ದರೆ ಜಾಸ್ತಿ ಎಚ್ಚರ ಬೇಕು. ಅದು ಕಣ್ಣಿನ ನರಕ್ಕೇ ಪೆಟ್ಟು ಕೊಡಬಹುದು. ಒಂದೊಂದೇ ಕಣ್ಣು ಮುಚ್ಚಿ ಕೆಂಪು ಬಾಟಲಿ ಮುಚ್ಚಳ ನೋಡೋಕೆ ಹೇಳಿ. ಬಣ್ಣ ಮಾಸಿದಂತೆ ಕಂಡರೆ ಅವತ್ತೇ ಡಾಕ್ಟರಿಗೆ ತಿಳಿಸಿ. ಟಿಬಿ ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಕಣ್ಣಿನ ಉರಿಯೂತ ಹೆಚ್ಚಾಗುವುದೂ ಉಂಟು, ಆಗ ಔಷಧಿ ಕೆಲಸ ಮಾಡ್ತಿಲ್ಲ ಅಂತ ನೀವೇ ನಿಲ್ಲಿಸಬೇಡಿ. ಸ್ಟಿರಾಯ್ಡ್ ಕೊಟ್ಟಿದ್ದರೆ ಅದನ್ನೂ ದಿಢೀರ್ ಅಂತ ಬಿಡುವಂತಿಲ್ಲ. ಟಿಬಿ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಆರು ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಬೇಕಾಗುತ್ತದೆ.