ಬೀಜಕ್ಕೆ ಬೀಗ ಹಾಕಿದವರು ಯಾರು?

ಪ್ರಶ್ನೆ: ಈಗ ಬೀಜ ಕಂಪನಿಗಳೇ ದೊಡ್ಡ ಪ್ರಯೋಗಾಲಯ ಇಟ್ಟುಕೊಂಡಿವೆ. ಪೇಟೆಂಟ್ ಸಿಗುತ್ತದೆ, ಲಾಭ ಬರುತ್ತದೆ, ಹೊಸ ತಳಿ ತರುತ್ತಾರೆ. ಸರ್ಕಾರವೂ ತೆರಿಗೆ ದುಡ್ಡಿನಲ್ಲಿ ಅದೇ ಕೆಲಸ ಮಾಡುವುದು ದಂಡ ಅಲ್ವಾ?

ಉತ್ತರ: ಅದೇ ಕೆಲಸ ಮಾಡಿದರೆ ದಂಡವೇ ಸರಿ. ನಾನು ಸರ್ಕಾರಿ ಕೇಂದ್ರದಲ್ಲಿ ಗೋಧಿ ತಳಿ ಮಾಡುತ್ತಲೇ ನಿವೃತ್ತನಾದವನು. ಹಾಗಾಗಿ ಮಾತು ಸ್ವಲ್ಪ ಒಂದು ಕಡೆ ವಾಲಿದರೆ ಸಹಿಸಿಕೊಳ್ಳಿ.

ಮೆಕ್ಕೆಜೋಳ ನೋಡಿ. ಹೈಬ್ರಿಡ್ ಬೆಳೆಯ ಕಾಳನ್ನೇ ಮುಂದಿನ ವರ್ಷ ಬಿತ್ತಿದರೆ ಗಿಡ ಒಂದೊಂದು ಒಂದೊಂದು ಥರ, ಇಳುವರಿಯೂ ಕುಸಿಯುತ್ತದೆ. ರೈತ ಮತ್ತೆ ಬೀಜ ಕೊಳ್ಳಲೇಬೇಕು. ಪೇಟೆಂಟೇ ಬೇಡದ ಬೀಗ ಅದು. ಕಂಪನಿಗಳಿಗೆ ಅದು ಇಷ್ಟವಾಗಿದ್ದು ಸುಮ್ನೆ ಅಲ್ಲ. ಗೋಧಿಯ ಹೂವಿಗೆ ತನ್ನದೇ ಪರಾಗ ಸಾಕು. ಒಮ್ಮೆ ತಂದ ಬೀಜವನ್ನು ವರ್ಷಗಟ್ಟಲೆ ಉಳಿಸಿಕೊಂಡು ಬಿತ್ತಬಹುದು. ಮಾರುವವರಿಗೆ ಆಸೆ ಕಡಿಮೆ. ಇನ್ನು ಯಾವಾಗ ನೀರು ಬಿಡಬೇಕು, ಸಾಲಿನ ನಡುವೆ ಎಷ್ಟು ಜಾಗ ಬೇಕು ಅನ್ನುವ ತಿಳಿವಳಿಕೆಯನ್ನು ಯಾರು ಪ್ಯಾಕೆಟ್ ಕಟ್ಟಿ ಮಾರುತ್ತಾರೆ? ಅದಕ್ಕೆಲ್ಲ ತೆರಿಗೆ ದುಡ್ಡೇ ಬೇಕು.

ಆದರೆ ನನ್ನ ತಲೆ ಕೊರೆಯುವುದು ಬೇರೆ ವಿಷಯ. ಬೀಗ ಹಾಕುವವರು ಕಂಪನಿಯವರಷ್ಟೇ ಅಂದುಕೊಂಡಿದ್ದೀರಿ. 1980ರಲ್ಲಿ ಅಮೆರಿಕ ಬೇ-ಡೋಲ್ ಕಾಯ್ದೆ ತಂದಿತು. ಸರ್ಕಾರದ ದುಡ್ಡಿನಲ್ಲಿ ಕಂಡುಹಿಡಿದದ್ದಕ್ಕೂ ವಿಶ್ವವಿದ್ಯಾಲಯಗಳು ತಮ್ಮ ಹೆಸರಲ್ಲೇ ಪೇಟೆಂಟ್ ಇಟ್ಟುಕೊಳ್ಳಬಹುದು ಎಂದಾಯಿತು. ಬೆಳೆದ ಬೀಜ ಮತ್ತೆ ಮೊಳೆಯದಂತೆ ಮಾಡುವ 'ಟರ್ಮಿನೇಟರ್' ತಂತ್ರದ ಗಲಾಟೆ ಕೇಳಿರುತ್ತೀರಿ. 1998ರ ಆ ಪೇಟೆಂಟ್‌ನಲ್ಲಿ ಹತ್ತಿ ಬೀಜದ ಕಂಪನಿಯ ಜೊತೆ ಪಾಲುದಾರರು ಯಾರು ಗೊತ್ತಾ? ಅಮೆರಿಕದ ಕೃಷಿ ಇಲಾಖೆ! (ಪುಣ್ಯಕ್ಕೆ ಅದು ಮಾರುಕಟ್ಟೆಗೆ ಬರಲಿಲ್ಲ.)

ಗೋಲ್ಡನ್ ರೈಸ್ ಕಥೆಯೂ ಹೀಗೇ. ದೇಹದಲ್ಲಿ ವಿಟಮಿನ್ ಎ ಆಗುವ ಅಂಶ ಅಕ್ಕಿಯಲ್ಲೇ ಇರುವಂತೆ ವಂಶವಾಹಿ ಬದಲಿಸಿ ಮಾಡಿದ ಭತ್ತ ಅದು. ಅದನ್ನು ಮಾಡಿದ ಇಂಗೋ ಪೊಟ್ರಿಕುಸ್, ಪೀಟರ್ ಬೇಯರ್ ಇಬ್ಬರೂ ವಿಶ್ವವಿದ್ಯಾಲಯದ ವಿಜ್ಞಾನಿಗಳು. ವಿಟಮಿನ್ ಎ ಕೊರತೆಯಿರುವ ಬಡವರಿಗೆ ಈ ಭತ್ತವನ್ನು ಉಚಿತವಾಗಿ ಕೊಡುವ ಆಸೆ ಅವರದು. ಲೆಕ್ಕ ಹಾಕಿಸಿದಾಗ ದಾರಿಯಲ್ಲಿ ಸುಮಾರು 70 ಪೇಟೆಂಟ್‌ಗಳು, 32 ಮಾಲೀಕರು! ಅವರಲ್ಲಿ ಕಂಪನಿಗಳೂ ಇದ್ದವು, ವಿಶ್ವವಿದ್ಯಾಲಯಗಳೂ ಇದ್ದವು. ಪೇಟೆಂಟ್ ಆಯಾ ದೇಶಕ್ಕೆ ಸೀಮಿತ. ಬಡ ದೇಶಗಳಲ್ಲಿ ಇವುಗಳಲ್ಲಿ ಹೆಚ್ಚಿನವು ಜಾರಿಯಲ್ಲೇ ಇರಲಿಲ್ಲ. ಉಳಿದದ್ದಕ್ಕೆ ಕಂಪನಿಗಳು ರಾಯಧನ ಬಿಟ್ಟುಕೊಟ್ಟವು. ಆಮೇಲೆ ಜಾಸ್ತಿ ತಡವಾದದ್ದು ಸರ್ಕಾರಿ ಅನುಮತಿಗಳಲ್ಲಿ, ಅದನ್ನೂ ಹೇಳಿಬಿಡಬೇಕು.

ನನ್ನದೂ ಒಂದಿದೆ. ಮೊದಲೆಲ್ಲ ಒಂದು ಕಾಗದ ಬರೆದರೆ ಸಾಕು, ಪರಿಚಯವೇ ಇಲ್ಲದ ವಿಜ್ಞಾನಿ ಲಕೋಟೆಯಲ್ಲಿ ಒಂದು ಹಿಡಿ ಬೀಜ ಕಳಿಸುತ್ತಿದ್ದ. ಒಮ್ಮೆ ಒಂದು ವಿಶ್ವವಿದ್ಯಾಲಯಕ್ಕೆ ತುಕ್ಕು ರೋಗ ತಡೆಯುವ ಗೋಧಿ ತಳಿಯ ಬೀಜ ಕೇಳಿದೆ. ಲಕೋಟೆ ಬಂತು, ಒಳಗೆ ಬರೀ ಒಪ್ಪಂದದ ಹಾಳೆಗಳು. ಪ್ರಯೋಗ ಮಾಡಬಹುದು, ರೈತರಿಗೆ ಹಂಚುವಂತಿಲ್ಲ ಅಂತ. ಹಂಚದ ತಳಿ ನನಗ್ಯಾಕೆ? ಸಹಿ ಹಾಕಲಿಲ್ಲ. ನಮ್ಮಲ್ಲಿದ್ದ ಹಳೇ ತಳಿಗಳಲ್ಲೇ ಹುಡುಕಿ ಕ್ರಾಸ್ ಮಾಡುತ್ತಾ ಹೋದೆವು. ಒಂಬತ್ತು ವರ್ಷ ಹಿಡಿಯಿತು.