ತೀರ್ಪು ಆಮೇಲೆ, ಮೊದಲು ದೃಶ್ಯ

ನಮಸ್ಕಾರ.

ನಿಮ್ಮ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಕೈಬಿಡಬೇಡಿ.

ಹುಡುಗಿ ಹೇಗಿರಬೇಕು, ಹುಡುಗ ಹೇಗಿರಬೇಕು ಅನ್ನೋದನ್ನು ಮಕ್ಕಳು ಅಪ್ಪ ಅಮ್ಮನನ್ನು ನೋಡಿ ಕಲಿಯುತ್ತಾರೆ, ಮನೆಮಂದಿಯೆಲ್ಲ ಕೂತು ನೋಡುವ ಸಿನಿಮಾಗಳೂ ಅದನ್ನೇ ತೋರಿಸುತ್ತವೆ ಎಂದು ಬರೆದಿದ್ದೀರಿ. ಅದಕ್ಕೆ ಎಂಟು ಸಿನಿಮಾ, ಒಂದೊಂದಕ್ಕೆ ಎರಡೆರಡು ಸಾಲು. ಏಳನ್ನು ತೆಗೆದುಹಾಕಿ. 2004ರ ಅನಿಮೇಷನ್ ಸಿನಿಮಾ ‘ದಿ ಇನ್‌ಕ್ರೆಡಿಬಲ್ಸ್’ ಒಂದೇ ಸಾಕು. ಅತಿಮಾನುಷ ಶಕ್ತಿ ಬಳಸುವುದಕ್ಕೆ ಕಾನೂನಿನ ನಿಷೇಧ ಇರುವುದರಿಂದ ಅದನ್ನು ಮುಚ್ಚಿಟ್ಟು ಬದುಕುವ ಒಂದು ಕುಟುಂಬದ ಕಥೆ ಅದು.

ಅಪ್ಪ ಬಾಬ್‌ಗೆ ತೋಳ್ಬಲ, ಅಮ್ಮ ಹೆಲೆನ್‌ಗೆ ಎಲ್ಲ ಕಡೆ ಕೈ ಚಾಚುವ ಶಕ್ತಿ, ಮಗಳು ವಯಲೆಟ್‌ಗೆ ಮಾಯವಾಗುವ ಶಕ್ತಿ, ಮಗ ಡ್ಯಾಶ್‌ಗೆ ಓಟ. ಇದರಲ್ಲಿ ಲಿಂಗಭೇದ ಅಡಗಿದೆ ಎನ್ನುತ್ತೀರಿ. ಅಡಗಿಲ್ಲ, ಎದುರಿಗೇ ಇದೆ. ಮನೆಯಲ್ಲಿ ಯಾರ ಪಾತ್ರ ಏನೋ ಅದಕ್ಕೆ ತಕ್ಕ ಶಕ್ತಿ ಕೊಟ್ಟಿದ್ದಾಗಿ ನಿರ್ದೇಶಕ ಬ್ರಾಡ್ ಬರ್ಡ್ ತಾವೇ ಹೇಳಿದ್ದಾರೆ. ನೀವು ಲೇಖನ ಮುಗಿಸಿದ ಜಾಗದಲ್ಲಿ ಸಿನಿಮಾ ಶುರುವಾಗುತ್ತದೆ, ಅಲ್ವಾ?

ಊಟದ ಮೇಜಿನ ದೃಶ್ಯವನ್ನು ಇನ್ನೊಮ್ಮೆ ನೋಡಿ. ಡ್ಯಾಶ್ ಶಾಲೆಯಲ್ಲಿ ಕಣ್ಣಿಗೆ ಕಾಣದಷ್ಟು ವೇಗವಾಗಿ ಓಡಿ ಮೇಷ್ಟ್ರ ಕುರ್ಚಿಯ ಮೇಲೆ ಮೊಳೆ ಇಟ್ಟಿದ್ದಾನೆ. ಶಾಲೆಯಿಂದ ಕರೆ ಬಂದಾಗ ಹೋದದ್ದು ಹೆಲೆನ್. ವಿಷಯ ಕೇಳಿದ ಬಾಬ್ ಬೈಯುವುದಿಲ್ಲ, ಎಷ್ಟು ಜೋರಾಗಿ ಓಡಿದೆ ಎಂದು ಖುಷಿಯಿಂದ ಕೇಳುತ್ತಾನೆ. ಆಮೇಲೆ ಮಕ್ಕಳು ಜಗಳಕ್ಕೆ ಬೀಳುತ್ತಾರೆ. ಹೆಲೆನ್ ಎರಡೂ ಕೈ ಚಾಚಿ ಇಬ್ಬರನ್ನೂ ಹಿಡಿಯಲು ಒದ್ದಾಡುತ್ತಾಳೆ. ಬಾಬ್ ಪೇಪರ್ ಓದುತ್ತಿರುತ್ತಾನೆ. ಹೆಂಡತಿ ಕೂಗಿದ ಮೇಲೆ ಬಂದು ಮೇಜನ್ನೇ ಎತ್ತಿ ಹಿಡಿಯುತ್ತಾನೆ. ಇಷ್ಟು ಹೊತ್ತಿಗೆ ಡ್ಯಾಶ್ ಏನು ಕಲಿತ? ಅದನ್ನು ಬರೆಯಿರಿ. ಯಾರೂ ಅವನಿಗೆ ಭಾಷಣ ಮಾಡಿಲ್ಲ.

ವಯಲೆಟ್ ಬಗ್ಗೆ ನೀವು ಆತುರಪಟ್ಟಿದ್ದೀರಿ. ಹೆಣ್ಣುಮಕ್ಕಳು ಕಾಣಿಸಬಾರದು ಎಂಬ ಪಾಠ ಅವಳಿಗೆ ಸಿಕ್ಕಿದೆ ಎಂದು ಸುಮ್ನೆ ತೀರ್ಪು ಕೊಟ್ಟಿದ್ದೀರಿ. ಅದೇ ಜಗಳದಲ್ಲಿ ಅವಳು ತಮ್ಮನಿಗೆ ಅಡ್ಡವಾಗಿ ಶಕ್ತಿಯ ಗೋಡೆ ಎಬ್ಬಿಸುತ್ತಾಳೆ, ನೋಡಿದಿರಾ? ಅಳುಕೇ ಇಲ್ಲ. ಆಮೇಲೆ ಅವರಿದ್ದ ವಿಮಾನದ ಮೇಲೆ ಕ್ಷಿಪಣಿ ಬರುವಾಗ ಅದೇ ಗೋಡೆ ಎಬ್ಬಿಸು ಎಂದು ಅಮ್ಮ ಕೇಳಿದರೆ ಅವಳಿಂದ ಆಗುವುದಿಲ್ಲ. ಶಕ್ತಿ ಬಳಸಬೇಡಿ ಎಂದು ನೀನೇ ಹೇಳಿದ್ದೆಯಲ್ಲ ಎನ್ನುತ್ತಾಳೆ. ಇಷ್ಟು ವರ್ಷ ಅಡಗಿಕೋ ಎಂದ ಅಮ್ಮ ಒಂದೇ ನಿಮಿಷದಲ್ಲಿ ಎದ್ದು ನಿಲ್ಲು ಎಂದರೆ ಮಗಳು ಏನು ಮಾಡಬೇಕು? ಆಮೇಲೆ ಗುಹೆಯಲ್ಲಿ ಹೆಲೆನ್, ಹಾಗೆ ಕೇಳಿದ್ದು ನ್ಯಾಯವಲ್ಲ ಎಂದು ಒಪ್ಪಿಕೊಳ್ಳುತ್ತಾಳೆ. ಕಲಿಸಿದ ಪಾಠವನ್ನು ಹೆತ್ತವಳೇ ಹಿಂದಕ್ಕೆ ತೆಗೆದುಕೊಳ್ಳುವುದನ್ನು ಮಕ್ಕಳ ಸಿನಿಮಾದಲ್ಲಿ ನಾನು ಜಾಸ್ತಿ ನೋಡಿಲ್ಲ. ನಿಮ್ಮ ಲೇಖನದ ಜೀವ ಇಲ್ಲಿದೆ. ನೀವು ಇದನ್ನು ಮುಟ್ಟಿಯೇ ಇಲ್ಲ.

2018ರ ಎರಡನೇ ಭಾಗದಲ್ಲಿ ಎಲ್ಲ ತಿರುವುಮುರುವು ಆಯಿತು ಎಂದಿದ್ದೀರಿ. ಹೆಲೆನ್ ಕೆಲಸಕ್ಕೆ ಹೋಗುತ್ತಾಳೆ, ಬಾಬ್ ಮನೆಯಲ್ಲಿ ಉಳಿಯುತ್ತಾನೆ, ನಿಜ. ಆದರೆ ಅಪ್ಪ ರಾತ್ರಿ ಕೂತು ಹೊಸ ರೀತಿಯ ಲೆಕ್ಕ ಕಲಿತು ಮಗನಿಗೆ ಹೇಳಿಕೊಡುವುದನ್ನು ಒಂದು ಪ್ಯಾರಾದಲ್ಲಿ ಬಿಡಿಸಿ ಬರೆಯಿರಿ. ‘ತಿರುವುಮುರುವು’ ಎಂದರೆ ಓದುಗರಿಗೆ ಏನೂ ಕಾಣುವುದಿಲ್ಲ.

ಕೊನೆಯಲ್ಲಿ ‘ನಮ್ಮ ಕನ್ನಡ ಸಿನಿಮಾಗಳೂ ಇದಕ್ಕೆ ಹೊರತಲ್ಲ’ ಎಂದಿದೆ. ಒಂದು ಸಿನಿಮಾದ ಹೆಸರೂ ಇಲ್ಲ. ಆ ಸಾಲು ಬೇಡ. ಪೋಷಕರು ಎಚ್ಚರ ವಹಿಸಬೇಕು ಎಂಬ ಉಪದೇಶವೂ ಬೇಡ.

ಎಂಟುನೂರು ಪದಗಳಲ್ಲಿ ಹೊಸದಾಗಿ ಬರೆದು ಕಳಿಸಿ. ಸಿನಿಮಾ ನೋಡುತ್ತಲೇ ಟಿಪ್ಪಣಿ ಮಾಡಿಕೊಳ್ಳಿ, ನೆನಪಿನಿಂದ ಬರೆಯಬೇಡಿ. ಬಂದ ಕೂಡಲೇ ನಾನೇ ಓದುತ್ತೇನೆ.

ಸಂಪಾದಕ